ಕೀಟೋ ಪಥ್ಯಕ್ಕೆ ಪ್ಯಾಕೆಟ್ ಬಾರ್‌ಗಳು ಹೊಂದುತ್ತವೆಯೇ? ಹಿಂಬದಿಯ ಪಟ್ಟಿಯನ್ನು ಓದುವ ಬಗೆ ತಿಳಿಸಿ

ಗಂಗಾವತಿ ಶಿಕ್ಷಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದ್ದು, ತೂಕವೂ ಹೆಚ್ಚಿರುವುದರಿಂದ, ಬಳ್ಳಾರಿಯ ಆಹಾರ ತಜ್ಞೆಯೊಬ್ಬರ ಸಲಹೆಯಂತೆ ಇತ್ತೀಚೆಗೆ ಕಾರ್ಬೊಹೈಡ್ರೇಟ್ ತೀರ ಕಡಿಮೆ, ಕೊಬ್ಬು ಹೆಚ್ಚು ಇರುವ ಕೀಟೋ ಪಥ್ಯವನ್ನು ಆರಂಭಿಸಿದ್ದಾರೆ. ದಿನಕ್ಕೆ ನೆಟ್ ಕಾರ್ಬ್ (ನಾರಿನಂಥ ಜೀರ್ಣವಾಗದ ಭಾಗವನ್ನು ಕಳೆದು ಉಳಿಯುವ ಕಾರ್ಬೊಹೈಡ್ರೇಟ್) 30 ಗ್ರಾಂ ದಾಟಬಾರದು ಎಂದು ಅವರಿಗೆ ಹೇಳಲಾಗಿದೆ. ಅನ್ನವನ್ನೂ ಜೋಳದ ರೊಟ್ಟಿಯನ್ನೂ ಬಿಟ್ಟ ಮೇಲೆ ಮನೆಯಲ್ಲಿ ಏನು ಮಾಡುವುದು ಎಂಬ ಚಿಂತೆ ಮೊದಲು ಇತ್ತಾದರೂ, ಮೊಟ್ಟೆ, ಪನೀರ್, ಪುಂಡಿಪಲ್ಯೆ, ಬದನೆಕಾಯಿ, ಶೇಂಗಾ ಹಿಂಡಿ ಇವುಗಳಿಂದ ಊಟ ಹೇಗೋ ಹೊಂದುತ್ತಿದೆ.

ತೊಂದರೆ ಇರುವುದು ಹೊರಗೆ. ಅಕ್ಕಿ ಗಿರಣಿಗಳಿಗೆ ಯಂತ್ರದ ಬಿಡಿಭಾಗಗಳನ್ನು ಪೂರೈಸುವ ಕೆಲಸದಲ್ಲಿರುವುದರಿಂದ ಅವರು ಕಾರಟಗಿ, ಸಿಂಧನೂರು, ಸಿರುಗುಪ್ಪ ಎಂದು ದಿನವಿಡೀ ತಿರುಗುತ್ತಾರೆ. ಸಂಜೆಯ ಹೊತ್ತಿಗೆ ಹಸಿವಾದರೆ ಎಲ್ಲಿ ಗಾಡಿ ನಿಲ್ಲಿಸಿದರೂ ಸಿಗುವುದು ಒಗ್ಗರಣೆ ಮಂಡಕ್ಕಿ, ಮಿರ್ಚಿ, ಬಿಸ್ಕತ್ತು. ಹಾಗಾಗಿ ಚೀಲದಲ್ಲಿ ಇಟ್ಟುಕೊಳ್ಳಲು ಎರಡು ಬಗೆಯ ಬಾರ್‌ಗಳನ್ನು ತರಿಸಿದ್ದೇನೆ.

ಮೊದಲನೆಯದರ ಮುಂಭಾಗದಲ್ಲಿ ದೊಡ್ಡದಾಗಿ ‘ಕೀಟೋ’ ಎಂದೂ, ‘ಒಂದು ಬಾರ್‌ನಲ್ಲಿ ನೆಟ್ ಕಾರ್ಬ್ 5 ಗ್ರಾಂ ಮಾತ್ರ’ ಎಂದೂ ಇದೆ. ತೂಕ 40 ಗ್ರಾಂ. ಹಿಂದೆ 100 ಗ್ರಾಂಗೆ ಕೊಟ್ಟಿರುವ ಲೆಕ್ಕ ಹೀಗಿದೆ: ಶಕ್ತಿ 430 ಕಿಲೋ ಕ್ಯಾಲರಿ, ಪ್ರೋಟೀನ್ 18 ಗ್ರಾಂ, ಕಾರ್ಬೊಹೈಡ್ರೇಟ್ 38 ಗ್ರಾಂ, ನಾರಿನಂಶ 12 ಗ್ರಾಂ, ಪಾಲಿಯಾಲ್ 14 ಗ್ರಾಂ, ಸಕ್ಕರೆ 2 ಗ್ರಾಂ, ಕೊಬ್ಬು 28 ಗ್ರಾಂ. ಪದಾರ್ಥಗಳ ಪಟ್ಟಿಯಲ್ಲಿ ಬಾದಾಮಿ, ಶೇಂಗಾದ ನಂತರ ‘ಸಿಹಿಕಾರಕ 965’ ಎಂದಿದೆ.

ಎರಡನೆಯದು ಸಿರಿಧಾನ್ಯದ ಬಾರ್, 35 ಗ್ರಾಂ. ‘ಸಂಸ್ಕರಿಸಿದ ಸಕ್ಕರೆ ಇಲ್ಲ, ಖರ್ಜೂರದ ಸಿಹಿ’ ಎಂದು ಬರೆದಿದೆ. 100 ಗ್ರಾಂಗೆ ಶಕ್ತಿ 390 ಕಿಲೋ ಕ್ಯಾಲರಿ, ಪ್ರೋಟೀನ್ 10, ಕಾರ್ಬೊಹೈಡ್ರೇಟ್ 60, ನಾರಿನಂಶ 8, ಒಟ್ಟು ಸಕ್ಕರೆ 36, ಸೇರಿಸಿದ ಸಕ್ಕರೆ 0, ಕೊಬ್ಬು 14 ಗ್ರಾಂ.

ಇವುಗಳಲ್ಲಿ ಯಾವುದನ್ನು ಕೊಡಬಹುದು? ಅದಕ್ಕಿಂತ ಹೆಚ್ಚಾಗಿ, ಮುಂದೆ ಬೇರೆ ಯಾವುದಾದರೂ ಬಾರ್ ಕಣ್ಣಿಗೆ ಬಿದ್ದಾಗ ನಾನೇ ಅಂಗಡಿಯಲ್ಲಿ ನಿಂತು ನಿರ್ಧರಿಸುವುದು ಹೇಗೆ ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.


ರಾಯಚೂರು ಪರೀಕ್ಷಕ

ಮೇಡಂ, ನಾನು ಆಹಾರ ತಂತ್ರಜ್ಞಾನ ಓದಿ, ರಾಯಚೂರಿನ ಎಣ್ಣೆ ಗಿರಣಿಯೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ. ನೀವು ಹಿಂಬದಿಯ ಅಂಕಿಗಳನ್ನು ಪೂರ್ತಿಯಾಗಿ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಯಿತು.

ಮುಂಭಾಗದ ‘ಕೀಟೋ’ ಎಂಬ ಪದವನ್ನು ಮೊದಲು ಪಕ್ಕಕ್ಕಿಡಿ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಹಕ್ಕುಸಾಧನೆಯ ನಿಯಮಗಳಲ್ಲಿ ‘ಶುಗರ್ ಫ್ರೀ’ ಎನ್ನಬೇಕಾದರೆ 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ಮೀರಬಾರದು, ಘನ ಆಹಾರವನ್ನು ‘ಕಡಿಮೆ ಸಕ್ಕರೆ’ ಎನ್ನಬೇಕಾದರೆ 5 ಗ್ರಾಂ ಮೀರಬಾರದು ಎಂಬಂಥ ಅಳತೆಗಳಿವೆ. ‘ಕೀಟೋ’ ಎಂಬ ಪದಕ್ಕೆ ಅಂಥ ಅಳತೆ ಇಲ್ಲ. ಆದ್ದರಿಂದ ಅದನ್ನು ತಯಾರಕರ ಅಭಿಪ್ರಾಯ ಎಂದಷ್ಟೇ ತಿಳಿದು ಪ್ಯಾಕೆಟ್ಟನ್ನು ತಿರುಗಿಸಬೇಕು.

ಅಲ್ಲಿ ಮೊದಲು ತೀರ್ಮಾನಿಸಬೇಕಾದದ್ದು, ಕಾರ್ಬೊಹೈಡ್ರೇಟ್ ಅಂಕಿಯಲ್ಲಿ ನಾರಿನಂಶವೂ ಸೇರಿದೆಯೋ ಇಲ್ಲವೋ ಎಂಬುದು. ಅಮೆರಿಕದ ಪದ್ಧತಿಯಲ್ಲಿ ಅದು ಸೇರಿರುತ್ತದೆ, ಯುರೋಪಿನ ಪದ್ಧತಿಯಲ್ಲಿ ಸೇರಿರುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಎರಡೂ ಬಗೆಯ ಪ್ಯಾಕೆಟ್‌ಗಳು ಸಿಗುತ್ತವೆ. ಸೇರಿಲ್ಲದ ಅಂಕಿಯಿಂದ ನಾರಿನಂಶವನ್ನು ಮತ್ತೆ ಕಳೆದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಇದನ್ನು ಪತ್ತೆಹಚ್ಚಲು ಪ್ಯಾಕೆಟ್‌ನಲ್ಲಿಯೇ ಇರುವ ಸಾಕ್ಷಿ ಎಂದರೆ ಶಕ್ತಿಯ ಅಂಕಿ. ಒಂದು ಗ್ರಾಂ ಪ್ರೋಟೀನ್‌ಗೆ 4, ಕೊಬ್ಬಿಗೆ 9, ಜೀರ್ಣವಾಗುವ ಕಾರ್ಬೊಹೈಡ್ರೇಟ್‌ಗೆ 4, ನಾರಿನಂಶಕ್ಕೆ 2 ಕಿಲೋ ಕ್ಯಾಲರಿ ಎಂದು ಹಿಡಿಯಬೇಕು. ಪಾಲಿಯಾಲ್‌ಗೆ, ಅಂದರೆ ಸಕ್ಕರೆಯ ಬದಲು ಬಳಸುವ ಎರಿಥ್ರಿಟಾಲ್, ಮಾಲ್ಟಿಟಾಲ್‌ನಂಥ ಸಿಹಿಕಾರಕಗಳಿಗೆ, ಯುರೋಪಿನ ಲೆಕ್ಕದಂತೆ 2.4 ಹಿಡಿಯಬಹುದು, ಎರಿಥ್ರಿಟಾಲ್ ಒಂದಕ್ಕೆ ಮಾತ್ರ ಸೊನ್ನೆ.

ನಿಮ್ಮ ಮೊದಲ ಬಾರ್‌ಗೆ ಇದನ್ನು ಅನ್ವಯಿಸೋಣ. ಪ್ರೋಟೀನ್‌ನಿಂದ 72, ಕೊಬ್ಬಿನಿಂದ 252, ನಾರಿನಿಂದ 24, ಪಾಲಿಯಾಲ್‌ನಿಂದ ಸುಮಾರು 34. ಇನ್ನು ಉಳಿದ ಕಾರ್ಬೊಹೈಡ್ರೇಟ್. ನಾರು 38ರೊಳಗೇ ಸೇರಿದೆ ಎಂದಾದರೆ ಉಳಿಯುವುದು 12 ಗ್ರಾಂ, ಅದರಿಂದ 48. ಎಲ್ಲ ಕೂಡಿದರೆ 430. ನಾರು ಬೇರೆಯೇ ಇದೆ ಎಂದಾದರೆ ಉಳಿಯುವುದು 24 ಗ್ರಾಂ, ಒಟ್ಟು ಶಕ್ತಿ 478 ಆಗಬೇಕಿತ್ತು. ಪ್ಯಾಕೆಟ್‌ನಲ್ಲಿ 430 ಎಂದೇ ಇರುವುದರಿಂದ ನಾರನ್ನು ಕಳೆಯುವುದು ನ್ಯಾಯವಾಗಿದೆ. ಅಂಕಿಗಳನ್ನು ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸಿರುವುದರಿಂದ ಎಲ್ಲ ಪ್ಯಾಕೆಟ್‌ಗಳಲ್ಲಿ ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಎರಡರಲ್ಲಿ ಯಾವುದಕ್ಕೆ ಹತ್ತಿರವಿದೆ ಎಂದು ನೋಡಿದರೆ ಸಾಕು.

ಈಗ 965ರ ವಿಚಾರ. ಅದು ಮಾಲ್ಟಿಟಾಲ್. ತಯಾರಕರು ನಾರು 12, ಪಾಲಿಯಾಲ್ 14 ಎರಡನ್ನೂ ಪೂರ್ತಿಯಾಗಿ ಕಳೆದು, 100 ಗ್ರಾಂಗೆ 12 ಗ್ರಾಂ, ಅಂದರೆ ಬಾರ್‌ಗೆ 4.8 ಗ್ರಾಂ ಎಂದು ಲೆಕ್ಕ ಹಾಕಿ, ಮುಂದೆ 5 ಎಂದು ಅಚ್ಚು ಹಾಕಿಸಿದ್ದಾರೆ. ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಎರಿಥ್ರಿಟಾಲ್ ಆಗಿದ್ದರೆ ಹೀಗೆ ಪೂರ್ತಿ ಕಳೆಯಬಹುದಿತ್ತು, ಏಕೆಂದರೆ ಅದರ ಬಹುಪಾಲು ರಕ್ತಕ್ಕೆ ಸೇರಿದರೂ ದೇಹದಲ್ಲಿ ಬಳಕೆಯಾಗದೆ ಮೂತ್ರದಲ್ಲಿ ಹೊರಹೋಗುತ್ತದೆ. ಮಾಲ್ಟಿಟಾಲ್ ಸಣ್ಣ ಕರುಳಿನಲ್ಲಿ ಭಾಗಶಃ ಒಡೆದು ಗ್ಲೂಕೋಸ್ ಬಿಡುಗಡೆ ಮಾಡುತ್ತದೆ. ಪುಡಿಯ ರೂಪದಲ್ಲಿ ಅದರ ಗ್ಲೈಸೀಮಿಕ್ ಸೂಚ್ಯಂಕ (ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬ ಅಳತೆ, ಗ್ಲೂಕೋಸ್‌ಗೆ 100) ಸುಮಾರು 35 ಇದ್ದು, ಪಾಕದ ರೂಪದಲ್ಲಿ ಇನ್ನೂ ಹೆಚ್ಚು. ಹಾಗಾಗಿ ಮಾಲ್ಟಿಟಾಲ್‌ನ ಅರ್ಧವನ್ನಾದರೂ ಕಾರ್ಬ್ ಎಂದೇ ಎಣಿಸಬೇಕು. ಆಗ 100 ಗ್ರಾಂಗೆ 19, ನಿಮ್ಮ 40 ಗ್ರಾಂ ಬಾರ್‌ಗೆ 7.6 ಗ್ರಾಂ. 30 ಗ್ರಾಂ ಮಿತಿಯಲ್ಲಿ ಇದು ಕಾಲು ಭಾಗ. ಆ ದಿನದ ಉಳಿದ ಊಟವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಂಡರೆ ಅಪರೂಪಕ್ಕೊಮ್ಮೆ ನಡೆಯುತ್ತದೆ, ದಿನವೂ ಬೇಡ.

ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: 968 ಎರಿಥ್ರಿಟಾಲ್, 965 ಮಾಲ್ಟಿಟಾಲ್, 420 ಸಾರ್ಬಿಟಾಲ್, 967 ಜೈಲಿಟಾಲ್, 960 ಸ್ಟೀವಿಯಾ, 955 ಸುಕ್ರಲೋಸ್. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮ ಇರುವುದರಿಂದ, ಮೊದಲ ಮೂರು ನಾಲ್ಕು ಹೆಸರುಗಳಲ್ಲಿ ಲಿಕ್ವಿಡ್ ಗ್ಲೂಕೋಸ್, ಮಾಲ್ಟೋಡೆಕ್ಸ್‌ಟ್ರಿನ್, ಜೇನು, ಬೆಲ್ಲ, ಓಟ್ಸ್, ಖರ್ಜೂರ ಇವುಗಳಲ್ಲಿ ಒಂದಿದ್ದರೂ ಕೀಟೋ ಪಥ್ಯದವರು ಅಂಕಿಗಳನ್ನು ನೋಡುವ ಅಗತ್ಯವೇ ಇರುವುದಿಲ್ಲ.

ನಿಮ್ಮ ಎರಡನೆಯ ಬಾರ್ ಅಂಥದ್ದು. 60ರಲ್ಲಿ 8 ಕಳೆದು, 35 ಗ್ರಾಂಗೆ ಇಳಿಸಿದರೆ 18.2 ಗ್ರಾಂ, ದಿನದ ಮಿತಿಯ ಅರ್ಧಕ್ಕಿಂತ ಹೆಚ್ಚು ಒಂದೇ ತುಂಡಿನಲ್ಲಿ ಮುಗಿಯುತ್ತದೆ. ‘ಸೇರಿಸಿದ ಸಕ್ಕರೆ 0’ ಎಂಬ ಸಾಲು ಸುಳ್ಳೆಂದು ನಾನು ಹೇಳುವುದಿಲ್ಲ, ಆದರೆ ಖರ್ಜೂರದೊಳಗಿನ ಸಕ್ಕರೆಯೂ ದೇಹಕ್ಕೆ ಸಕ್ಕರೆಯೇ. ಮಕ್ಕಳಿಗೆ ಕೊಡಿ, ಯಜಮಾನರಿಗೆ ಬೇಡ.


ಕೌಲ್ ಬಜಾರ್ ನಿವಾಸಿ, ಬಳ್ಳಾರಿ

ಪರೀಕ್ಷಕರ ಲೆಕ್ಕಕ್ಕೆ ಒಂದು ಮಾತು ಸೇರಿಸುತ್ತೇನೆ. ಮನೆಯಲ್ಲಿ ಗ್ಲೂಕೋಮೀಟರ್ ಇರುವವರು ಬಾರನ್ನು ತಮ್ಮ ಮೇಲೆಯೇ ಪರೀಕ್ಷಿಸಿ ನೋಡಬಹುದು. ಬೇರೇನನ್ನೂ ತಿನ್ನದ ಹೊತ್ತಿನಲ್ಲಿ ಮೊದಲು ಒಮ್ಮೆ ರಕ್ತ ಪರೀಕ್ಷಿಸಿ, ಬಾರ್ ಒಂದನ್ನೇ ತಿಂದು, ಅರ್ಧ ಗಂಟೆ, ಒಂದು ಗಂಟೆ, ಒಂದೂವರೆ ಗಂಟೆ, ಎರಡು ಗಂಟೆಗೆ ಮತ್ತೆ ನೋಡಬೇಕು. ಕೊಬ್ಬು ಹೆಚ್ಚಿರುವ ಬಾರ್‌ಗಳು ನಿಧಾನವಾಗಿ ಜೀರ್ಣವಾಗುವುದರಿಂದ ಏರಿಕೆ ತಡವಾಗಿ ಕಾಣಿಸುವುದುಂಟು. ಒಂದೇ ಸಲ ನೋಡಿ ಸಮಾಧಾನ ಪಟ್ಟುಕೊಳ್ಳಬಾರದು.

ಆದರೆ ಸಣ್ಣ ವ್ಯತ್ಯಾಸಕ್ಕೆ ಅರ್ಥ ಹಚ್ಚಬೇಡಿ. ಮನೆಯ ಮೀಟರ್‌ಗಳಿಗೆ ಇರುವ 2013ರ ಅಂತರರಾಷ್ಟ್ರೀಯ ಮಾನದಂಡವೇ, ರಕ್ತದ ಸಕ್ಕರೆ 100ರ ಒಳಗಿದ್ದಾಗ 15 ಮಿಲಿಗ್ರಾಂವರೆಗೆ, ಅದಕ್ಕಿಂತ ಮೇಲಿದ್ದಾಗ ಶೇಕಡಾ 15ರವರೆಗೆ ಆಚೀಚೆ ಆಗುವುದನ್ನು ಒಪ್ಪುತ್ತದೆ. 8, 10 ಮಿಲಿಗ್ರಾಂ ಏರಿಕೆಯನ್ನು ಏರಿಕೆ ಎಂದು ತಿಳಿಯಲಾಗದು. ನನಗಂತೂ ಮಾಲ್ಟಿಟಾಲ್ ಇರುವ ಬಾರ್‌ನಿಂದ ಏರಿಕೆ ಸ್ಪಷ್ಟವಾಗಿಯೇ ಕಂಡಿತು, ಹೊಟ್ಟೆಯೂ ಉಬ್ಬರಿಸಿತು. ಪಾಲಿಯಾಲ್ ಹೆಚ್ಚಿರುವ ಪ್ಯಾಕೆಟ್‌ಗಳ ಮೇಲೆ ‘ವಿರೇಚಕ ಪರಿಣಾಮ ಉಂಟಾಗಬಹುದು’ ಎಂಬ ಎಚ್ಚರಿಕೆ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ದಿನವಿಡೀ ರಸ್ತೆಯ ಮೇಲಿರುವವರು ಅದನ್ನು ಓದಲೇಬೇಕು.

ಇನ್ನೊಂದು ಬೇಸರದ ಸಂಗತಿ. ಈ ಪಟ್ಟಿಯನ್ನು ಇಂಗ್ಲಿಷ್‌ನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಕೊಟ್ಟರೆ ಕಾನೂನಿಗೆ ಸಾಕು, ಕನ್ನಡ ಕಡ್ಡಾಯವಲ್ಲ. ನನ್ನ ತಾಯಿಯಂಥವರು, ಸಕ್ಕರೆ ಕಾಯಿಲೆ ಇದ್ದೂ, ತಾವು ತಿನ್ನುವುದರಲ್ಲಿ ಏನಿದೆ ಎಂದು ತಾವೇ ಓದಿ ತಿಳಿಯಲಾರದ ಸ್ಥಿತಿಯಲ್ಲಿದ್ದಾರೆ. ಇದು ಸರಿಯಾಗಲೇಬೇಕು.


ತೋರಣಗಲ್ಲು ವೈದ್ಯ

ಬಾರ್‌ನ ಆಯ್ಕೆಗೆ ಮೊದಲು ಒಂದು ಪ್ರಶ್ನೆ. ತಮ್ಮ ಯಜಮಾನರು ಯಾವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದಾರೆ? ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದ್ದರೆ, ಕಾರ್ಬೊಹೈಡ್ರೇಟ್ ಒಮ್ಮೆಲೇ ಇಳಿದಾಗ ರಕ್ತದ ಸಕ್ಕರೆ ತೀರ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಇದ್ದರೆ ಕೀಟೋ ಪಥ್ಯದೊಂದಿಗೆ ಅಪಾಯ ಬೇರೆ ಬಗೆಯದು: ರಕ್ತದಲ್ಲಿ ಕೀಟೋನ್ ಆಮ್ಲಗಳು ಮಿತಿಮೀರಿ ಏರುವ ಕೀಟೋಅಸಿಡೋಸಿಸ್, ಅದೂ ಮೀಟರ್‌ನಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚಿಲ್ಲದಿರುವಾಗಲೇ ಬರಬಹುದು. ಈ ಗುಂಪಿನ ಔಷಧಗಳಿಂದ ಕೀಟೋಅಸಿಡೋಸಿಸ್ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರ ಮೇ ತಿಂಗಳಿನಲ್ಲಿಯೇ ಎಚ್ಚರಿಸಿದೆ. ವಾಕರಿಕೆ, ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಕಂಡರೆ ಮೀಟರ್‌ನ ಅಂಕಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಔಷಧದ ಚೀಟಿಯನ್ನು ನೋಡಿ ತಿಳಿಸಿ.


ಗಂಗಾವತಿ ಶಿಕ್ಷಕಿ

ಡಾಕ್ಟರ್, ಚೀಟಿಯನ್ನು ತೆಗೆದು ನೋಡಿದೆ. ಮೆಟ್‌ಫಾರ್ಮಿನ್ ಜೊತೆಗೆ ಡಾಪಾಗ್ಲಿಫ್ಲೋಜಿನ್ 10 ಮಿಲಿಗ್ರಾಂ ಇದೆ. ಆಹಾರ ತಜ್ಞೆಗೆ ನಾವು ಹಳೆಯ ಚೀಟಿಯನ್ನು ತೋರಿಸಿದ್ದೆವು, ಈ ಮಾತ್ರೆ ಆಮೇಲೆ ಸೇರಿದ್ದು. ಮಾತ್ರೆಯನ್ನು ನಿಲ್ಲಿಸಬೇಕೇ?

ಪರೀಕ್ಷಕರಿಗೆ ಅನಂತ ಧನ್ಯವಾದಗಳು. ಸಹೋದ್ಯೋಗಿಯೊಬ್ಬರು ಜಿಮ್‌ಗೆ ಹೋಗುವ ತಮ್ಮ ಮಗನ ಪ್ರೋಟೀನ್ ಬಾರನ್ನು ತೋರಿಸಿದರು, ತೂಕ 60 ಗ್ರಾಂ. 100 ಗ್ರಾಂಗೆ ಶಕ್ತಿ 370, ಪ್ರೋಟೀನ್ 33, ಕಾರ್ಬೊಹೈಡ್ರೇಟ್ 38, ನಾರಿನಂಶ 20, ಸಕ್ಕರೆ 3, ಕೊಬ್ಬು 14. ನೀವು ಹೇಳಿದಂತೆ ಲೆಕ್ಕ ಹಾಕಿದಾಗ ನಾರು ಸೇರಿದ ಅಂಕಿ ಎಂದು ಗೊತ್ತಾಯಿತು, ಬಾರ್‌ಗೆ 10.8 ಗ್ರಾಂ ಬಂದಿತು. ನಾರಿನ ಮೂಲ ‘ಐಸೊಮಾಲ್ಟೊ ಆಲಿಗೊಸ್ಯಾಕರೈಡ್’ ಎಂದಿದೆ. ಅರ್ಧ ಬಾರ್ ಕೊಡಬಹುದೇ?


ತೋರಣಗಲ್ಲು ವೈದ್ಯ

ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಅದನ್ನು ಹೃದಯಕ್ಕಾಗಿಯೋ ಮೂತ್ರಪಿಂಡಕ್ಕಾಗಿಯೋ ಬರೆದಿರುವ ಸಾಧ್ಯತೆಯೂ ಇದೆ. ನಾಳೆಯೇ ಮಾತ್ರೆ ಬರೆದ ವೈದ್ಯರಿಗೆ ಕರೆ ಮಾಡಿ, ಕೀಟೋ ಪಥ್ಯ ಆರಂಭಿಸಿದ್ದೇವೆ ಎಂಬುದನ್ನು ಈ ಮಾತ್ರೆಯ ಹೆಸರಿನೊಂದಿಗೆ ತಿಳಿಸಿ. ಮಾತ್ರೆ ಬದಲಾಗಬೇಕೋ ಪಥ್ಯ ಸಡಿಲವಾಗಬೇಕೋ ಎಂಬುದನ್ನು ಅವರು ನಿರ್ಧರಿಸುತ್ತಾರೆ. ಅಲ್ಲಿಯವರೆಗೆ ಊಟದಲ್ಲಿ ಅರ್ಧ ರೊಟ್ಟಿಯನ್ನೋ ಸ್ವಲ್ಪ ಬೇಳೆಯನ್ನೋ ಮರಳಿ ಸೇರಿಸಿ, ನೀರು ಚೆನ್ನಾಗಿ ಕುಡಿಯಲಿ, ಉಪವಾಸ ಬೇಡವೇ ಬೇಡ. ಆಹಾರ ತಜ್ಞೆಗೂ ಹೊಸ ಚೀಟಿಯನ್ನು ಕಳುಹಿಸಿ.


ರಾಯಚೂರು ಪರೀಕ್ಷಕ

ಡಾಕ್ಟರ್ ಹೇಳಿದ್ದು ಮೊದಲು ಆಗಲಿ. ಬಾರ್‌ನ ವಿಷಯವನ್ನು ಮುಂದಿನ ದಿನಗಳಿಗಾಗಿ ಬರೆದಿಡುತ್ತೇನೆ.

ನಿಮ್ಮ ಲೆಕ್ಕ ಸರಿಯಾಗಿದೆ. ಈ ಬಾರ್‌ಗೆ ಶಕ್ತಿಯನ್ನು ನೋಡದೆಯೂ ಒಂದು ಸಾಕ್ಷಿ ಸಿಗುತ್ತಿತ್ತು: ನಾರನ್ನು ಬೇರೆಯಾಗಿ ಎಣಿಸಿದರೆ 33, 38, 20, 14 ಕೂಡಿ 105 ಆಗುತ್ತದೆ, 100 ಗ್ರಾಂ ಬಾರ್‌ನಲ್ಲಿ 105 ಗ್ರಾಂ ಪದಾರ್ಥ ಇರಲಾರದು.

ಆದರೆ ಆ ನಾರಿನ ಹೆಸರೇ ನನಗೆ ಚಿಂತೆಯ ವಿಷಯ. ಐಸೊಮಾಲ್ಟೊ ಆಲಿಗೊಸ್ಯಾಕರೈಡನ್ನು ಪಿಷ್ಟದಿಂದ ತಯಾರಿಸುತ್ತಾರೆ; ತುಸು ಸಿಹಿಯಾಗಿ, ಅಂಟಾಗಿ ಇರುವುದರಿಂದ ಬಾರ್ ಕಟ್ಟಲು ಬಹಳ ಅನುಕೂಲ. ಅದರ ಗಣನೀಯ ಭಾಗ ಸಣ್ಣ ಕರುಳಿನಲ್ಲಿಯೇ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅಮೆರಿಕದ ಆಹಾರ ನಿಯಂತ್ರಣ ಸಂಸ್ಥೆ 2018ರಲ್ಲಿ ನಾರು ಎಂದು ಒಪ್ಪಬಹುದಾದ ಪದಾರ್ಥಗಳ ಪಟ್ಟಿಗೆ ಹೊಸ ಹೆಸರುಗಳನ್ನು ಸೇರಿಸಿದಾಗ ಚಿಕರಿ ಬೇರಿನ ಇನ್ಯುಲಿನ್, ಪಾಲಿಡೆಕ್ಸ್‌ಟ್ರೋಸ್ ಅದರಲ್ಲಿದ್ದವು, ಇದು ಇರಲಿಲ್ಲ. ಆದ್ದರಿಂದ ಈ ಬಾರ್‌ನ ನಿಜವಾದ ಅಂಕಿ 10.8 ಮತ್ತು 22.8ರ ನಡುವೆ ಎಲ್ಲೋ ಇದೆ. ಅನುಮಾನವಿದ್ದಲ್ಲಿ ದೊಡ್ಡ ಅಂಕಿಯನ್ನೇ ಹಿಡಿಯಬೇಕೆಂಬುದು ನನ್ನ ಪದ್ಧತಿ. ಹಾಗೆ ನೋಡಿದರೆ ಅರ್ಧ ಬಾರ್‌ಗೂ 11 ಗ್ರಾಂ ಮೀರುತ್ತದೆ, ನಾನಾದರೆ ಕೊಡುವುದಿಲ್ಲ. ಜಿಮ್‌ಗೆ ಹೋಗುವ ಹುಡುಗನಿಗೆ ಅದರಿಂದ ತೊಂದರೆ ಇಲ್ಲ, ಅವನ ಅಗತ್ಯವೇ ಬೇರೆ.


ಕುಷ್ಟಗಿ ಅಡುಗೆಮನೆ

ಅಕ್ಕ, ಇಷ್ಟೆಲ್ಲ ಲೆಕ್ಕ ಹಾಕಿ ಕೊನೆಗೆ ಕೊಳ್ಳುವುದು ಶೇಂಗಾ, ಬಾದಾಮಿಯನ್ನೇ ಆದರೆ, ಮನೆಯಲ್ಲಿಯೇ ಕಟ್ಟಿ ಕೊಡಬಹುದಲ್ಲವೇ? ನಮ್ಮ ಮನೆಯಲ್ಲಿ ಮಾವನವರಿಗೆ ನಾನು ಮಾಡಿಕೊಡುವ ಕ್ರಮ ಹೀಗಿದೆ. ಹುರಿದು ಸಿಪ್ಪೆ ತೆಗೆದ ಶೇಂಗಾ 100 ಗ್ರಾಂ, ಹುರಿದ ಅಗಸಿ 50 ಗ್ರಾಂ, ತುರಿದ ಒಣಕೊಬ್ಬರಿ 50 ಗ್ರಾಂ. ಅಗಸಿಯನ್ನು ನುಣ್ಣಗೆ, ಶೇಂಗಾವನ್ನು ತರಿತರಿಯಾಗಿ ಪುಡಿ ಮಾಡಿ, ಉಪ್ಪು, ಕೆಂಪು ಖಾರ, ಜಜ್ಜಿದ ಒಂದೆರಡು ಬೆಳ್ಳುಳ್ಳಿ ಎಸಳು ಸೇರಿಸಬೇಕು. ಬೆಲ್ಲ ಇಲ್ಲದೆ ಉಂಡಿ ನಿಲ್ಲುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ; ಆದರೆ ಅಗಸಿ ಪುಡಿಗೆ ಎರಡು ಮೂರು ಚಮಚ ಬಿಸಿನೀರು ಬಿದ್ದರೆ ಅದೇ ಅಂಟಾಗುತ್ತದೆ. ತಟ್ಟೆಯಲ್ಲಿ ಒತ್ತಿ, ಐದು ತುಂಡು ಮಾಡಿ, ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಒಣಗಿಸಿದರೆ ಗಟ್ಟಿಯಾಗುತ್ತದೆ.

ಪರೀಕ್ಷಕರು ಇದರ ನೆಟ್ ಕಾರ್ಬ್ ಲೆಕ್ಕವನ್ನು ದಯವಿಟ್ಟು ಹಾಕಿಕೊಡಬೇಕು.


ರಾಯಚೂರು ಪರೀಕ್ಷಕ

ಸಾಮಾನ್ಯ ಪೋಷಕಾಂಶ ಕೋಷ್ಟಕಗಳಂತೆ 100 ಗ್ರಾಂ ಶೇಂಗಾದಲ್ಲಿ ಕಾರ್ಬೊಹೈಡ್ರೇಟ್ ಸುಮಾರು 16 ಗ್ರಾಂ, ಅದರಲ್ಲಿ ನಾರು 8.5, ಉಳಿಯುವುದು 7.5. ಅಗಸಿಯಲ್ಲಿ 29 ಗ್ರಾಂ ಇದ್ದರೂ 27 ಗ್ರಾಂ ನಾರೇ ಆಗಿರುವುದರಿಂದ 50 ಗ್ರಾಂಗೆ 1. ಒಣಕೊಬ್ಬರಿಯ 50 ಗ್ರಾಂಗೆ 3.7. ಎಲ್ಲ ಕೂಡಿ ಸುಮಾರು 12 ಗ್ರಾಂ, ಐದು ತುಂಡು ಮಾಡಿದರೆ ತುಂಡಿಗೆ ಎರಡೂವರೆ ಗ್ರಾಂ ಒಳಗೆ. ಬೆಳ್ಳುಳ್ಳಿ, ಖಾರದಿಂದ ಅತ್ಯಲ್ಪ ಸೇರುತ್ತದೆ. ಮೇಲಿನ ಮೂರೂ ಬಾರ್‌ಗಳಿಗಿಂತ ಇದು ಎಷ್ಟೋ ಮೇಲು, ಮತ್ತು ಇದರ ನಾರಿನ ಬಗ್ಗೆ ಅನುಮಾನ ಪಡಬೇಕಾದ ಕಾರಣವೇ ಇಲ್ಲ. ಶೇಂಗಾ ಬದಲಿಗೆ ಗೋಡಂಬಿ ಹಾಕಬೇಡಿ, ಅದರಲ್ಲಿ 100 ಗ್ರಾಂಗೆ 27 ಗ್ರಾಂ ಉಳಿಯುತ್ತದೆ.

ಎಣ್ಣೆಯ ಕಾಳುಗಳೊಂದಿಗೇ ಕೆಲಸ ಮಾಡುವವನಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ಪುಡಿಯಾದ ಅಗಸಿ ಗಾಳಿ ಮತ್ತು ಶಾಖಕ್ಕೆ ಬಹು ಬೇಗ ಕಮಟುತ್ತದೆ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ, ನಿಂತ ಗಾಡಿಯೊಳಗೆ ಇಟ್ಟರೆ ಇನ್ನೂ ಬೇಗ. ನೀರು ಹಾಕಿ ಕಟ್ಟಿರುವುದರಿಂದ ಬೂಸ್ಟು ಹಿಡಿಯುವ ಭಯವೂ ಇದೆ. ಎರಡು ಮೂರು ದಿನಕ್ಕೆ ಆಗುವಷ್ಟೇ ಮಾಡಿ, ಫ್ರಿಜ್‌ನಲ್ಲಿಟ್ಟು, ಆಯಾ ದಿನದ ತುಂಡನ್ನು ಸ್ಟೀಲ್ ಡಬ್ಬಿಯಲ್ಲಿ ಕಳುಹಿಸಿ.


ಗಂಗಾವತಿ ಶಿಕ್ಷಕಿ

ವೈದ್ಯರೊಂದಿಗೆ ಮಾತನಾಡಿದೆವು. ಡಾಪಾಗ್ಲಿಫ್ಲೋಜಿನ್ ಇರುವವರೆಗೆ ಕಟ್ಟುನಿಟ್ಟಿನ ಕೀಟೋ ಬೇಡ ಎಂದು ಹೇಳಿ, ಸೋಮವಾರ ರಕ್ತ ಪರೀಕ್ಷೆಗೆ ಬರಲು ತಿಳಿಸಿದ್ದಾರೆ; ಆಮೇಲೆ ಮಾತ್ರೆ ಬದಲಿಸುವ ಬಗ್ಗೆ ನಿರ್ಧರಿಸುತ್ತಾರಂತೆ. ಅಲ್ಲಿಯವರೆಗೆ ರಾತ್ರಿ ಒಂದು ರೊಟ್ಟಿ ಮರಳಿ ಬಂದಿದೆ. ಕುಷ್ಟಗಿಯ ತಂಗಿ ಹೇಳಿದ ಶೇಂಗಾ ಅಗಸಿಯ ತುಂಡುಗಳನ್ನು ಸಂಜೆಗೆ ಕೊಡಬಹುದೇ ಎಂದು ಕೇಳಿದ್ದಕ್ಕೆ, ಧಾರಾಳವಾಗಿ ಕೊಡಿ ಎಂದರು. ಮಾಲ್ಟಿಟಾಲ್ ಬಾರ್‌ಗಳ ಪೆಟ್ಟಿಗೆಯನ್ನು ಒಡೆದಿರಲಿಲ್ಲವಾದ್ದರಿಂದ ಮರಳಿಸುತ್ತಿದ್ದೇನೆ.